ನೆತ್ತಿಯ ಮೇಲಿನ ಪಂಪು

ದೊಡ್ಡಳಿಯ ಎಂಬ ಪದವಿ ಸಿಗುವುದು ಬಹಳ ಸುಲಭ. ಮನೆಯ ಹಿರಿಯ ಮಗಳನ್ನು ಮದುವೆಯಾದರೆ ಸಾಕು, ಉಳಿದದ್ದನ್ನು ನೆಂಟರಿಷ್ಟರೇ ನೋಡಿಕೊಳ್ಳುತ್ತಾರೆ. ಆ ಪದವಿಯನ್ನು ಉಳಿಸಿಕೊಳ್ಳುವ ಕಷ್ಟ ಏನೆಂಬುದು ಗೊತ್ತಾಗುವುದು ಆಮೇಲೆ, ಚಿಕ್ಕಳಿಯ ಎನ್ನುವವನೊಬ್ಬ ಬಂದು ಪಕ್ಕದ ಮನೆಯಲ್ಲೇ ಸಂಸಾರ ಹೂಡಿದಾಗ.

ನಮ್ಮ ದೊಡ್ಡಳಿಯನಿಗೆ ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ. ಊರಿನ ಅರ್ಧ ಜನ ಅವನು ಕೊಟ್ಟ ಗಾಜಿನಿಂದಲೇ ಪೇಪರು ಓದುತ್ತಿದ್ದರು. ಹೀಗೆ ಊರಿಗೆಲ್ಲ ನಾಲ್ಕು ದಿಕ್ಕು ಕಾಣಿಸುತ್ತಿದ್ದ ಮನುಷ್ಯನಿಗೆ ಮಾತ್ರ ಒಂದೇ ದಿಕ್ಕು ಕಾಣುತ್ತಿತ್ತು. ಅದು ಪಕ್ಕದ ಮನೆ. ಅಲ್ಲಿ ಇದ್ದವಳು ಹೆಂಡತಿಯ ತಂಗಿ. ಅವಳ ಗಂಡ, ಅಂದರೆ ಇವನ ಷಡ್ಡಕ, ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ, ಬಟ್ಟು ಪರೀಕ್ಷೆ ಮಾಡಿ ಮುದ್ರೆ ಒತ್ತುವ ಕೆಲಸ. ಎತ್ತರದ ಆಳು, ಮಾತು ಕಡಿಮೆ. ಕೈಗೆ ಏನು ಸಿಕ್ಕಿದರೂ, ಅದು ಚಮಚವೇ ಆಗಲಿ ಪಕ್ಕದ ಮನೆಯ ಮಗುವೇ ಆಗಲಿ, ಮೊದಲು ಎತ್ತಿ ತೂಗಿ ನೋಡುವ ಅಭ್ಯಾಸ.

ಕಾರು ಮೊದಲು ತಂದವನು ದೊಡ್ಡಳಿಯ. ನೀಲಿ ಬಣ್ಣದ್ದು, ಹಳೆಯದು, ಆದರೆ ಕಾರು. ಅದರ ಸಂತೋಷವನ್ನು ಅವನು ಇನ್ನೂ ಪೂರ್ತಿ ಅನುಭವಿಸಿ ಮುಗಿಸಿರಲಿಲ್ಲ, ಅಷ್ಟರಲ್ಲಿ ಚಿಕ್ಕಳಿಯ ಅದೇ ಕಂಪನಿಯ, ಅದೇ ನೀಲಿಯ, ಆದರೆ ಹೊಸ ಮಾದರಿಯ ಕಾರು ತಂದು ಗೋಡೆಯ ಆಚೆ ನಿಲ್ಲಿಸಿದ. ಬಂದವರೆಲ್ಲ "ಓ, ಎರಡೂ ಒಂದೇ!" ಎನ್ನುತ್ತಿದ್ದರು. ಇನ್ನೊಂದು ಸಲ ನೋಡಿ "ಅವರದ್ದು ಸ್ವಲ್ಪ ಹೊಸದು" ಎನ್ನುತ್ತಿದ್ದರು. ಆ 'ಸ್ವಲ್ಪ' ಎಂಬ ಮಾತು ದೊಡ್ಡಳಿಯನ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತ್ತು.

ಇಷ್ಟರ ಮೇಲೆ ಆ ಫೋನು ಬಂತು.

ಮಾವ ರೈಲು ಇಂಜಿನ್ ಓಡಿಸಿ ನಿವೃತ್ತರಾದವರು. ಕಣ್ಣಿಗೆ ಪೊರೆ ಬಂದು, ಗುಡ್ಡದ ಮೇಲಿನ ಕಣ್ಣಾಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಬೆಳಿಗ್ಗೆ ನಾದಿನಿ ಕಾಂಪೌಂಡ್ ಗೋಡೆಯ ಮೇಲೆ ಗಲ್ಲ ಊರಿ ಅಕ್ಕನಿಗೆ ಸುದ್ದಿ ಹೇಳಿದಳು.

"ಅಕ್ಕಾ, ಅಪ್ಪ ಫೋನ್ ಮಾಡಿದ್ರು. ಭಾನುವಾರ ಪಟ್ಟಿ ಬಿಚ್ಚಿ ಮನೆಗೆ ಕಳಿಸ್ತಾರಂತೆ. ಕಾರು ತಗೊಂಡು ಬನ್ನಿ ಅಂತ ನಮ್ಮನೆಯವರಿಗೆ ಹೇಳಿದ್ರು."

ಗಡ್ಡಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದ ದೊಡ್ಡಳಿಯನ ಕೈ ಅಲ್ಲೇ ನಿಂತಿತು. ಮಾವನ ಮನೆಯಲ್ಲಿ ಬಲ್ಬು ಹೋದರೆ ಫೋನು ಚಿಕ್ಕಳಿಯನಿಗೆ. ನಲ್ಲಿ ಸೋರಿದರೆ ಚಿಕ್ಕಳಿಯನಿಗೆ. ಅದನ್ನೆಲ್ಲ ಅವನು ನುಂಗಿಕೊಂಡಿದ್ದ. ಆದರೆ ಇದು ಕಣ್ಣು.

"ಕಣ್ಣಿನ ವಿಷಯಕ್ಕೂ ಅವನಿಗೇ ಫೋನಾ?" ಎಂದು ಹೆಂಡತಿಯ ಮುಂದೆ ಅವನು ಸೋಪಿನ ನೊರೆ ಹಾರಿಸಿದ. "ಕಣ್ಣಿಗೂ ತಕ್ಕಡಿಗೂ ಏನೇ ಸಂಬಂಧ? ಕನ್ನಡಕದ ಅಂಗಡಿ ಇಟ್ಕೊಂಡಿರೋನು ನಾನು! ಆಪರೇಷನ್ ಆದ ಕಣ್ಣಿನ ತೂಕ ಎಷ್ಟಿದೆ ಅಂತ ನೋಡ್ತಾನಾ ಅವನು?"

"ನೀವೂ ಹೋಗಿ. ಯಾರು ಬೇಡ ಅಂದ್ರು?" ಎಂದಳು ಹೆಂಡತಿ.

"ಹೋಗ್ತೀನಿ. ಅವನಿಗಿಂತ ಮೊದಲೇ ಹೋಗ್ತೀನಿ. ಮಾವ ಪಟ್ಟಿ ಬಿಚ್ಚಿ ಕಣ್ಣು ಬಿಟ್ರೆ ಎದುರಿಗೆ ನಾನು ನಿಂತಿರಬೇಕು. ನನ್ನ ಕಾರಲ್ಲೇ ಮನೆಗೆ ಬರಬೇಕು. ನನ್ನ ಅಂಗಡಿ ಕನ್ನಡಕವೇ ಹಾಕ್ಕೋಬೇಕು. ಒಂದು ಸಲ, ಒಂದೇ ಒಂದು ಸಲ, ಮಾವ 'ದೊಡ್ಡಳಿಯಂದಿರು ಇದ್ದದ್ದಕ್ಕೆ ಆಯ್ತು' ಅನ್ನಬೇಕು."

ಕೊನೆಯ ಮಾತು ಹೇಳುವಾಗ ಅವನ ದನಿ ಸ್ವಲ್ಪ ಒಡೆಯಿತು. ಹೆಂಡತಿ ಟವೆಲು ಕೊಟ್ಟಳು. ಆಮೇಲೆ ಗೇಟಿನ ಕಡೆ ನೋಡಿ, "ಕಾರಿನ ಕೆಳಗೆ ನೀರು ನಿಂತಿದೆ, ನೋಡಿ" ಎಂದಳು.

ಇಂಜಿನ್ ತಣ್ಣಗಿರಲೆಂದು ನೀರು ಸುತ್ತಿಸುವ ವಾಟರ್ ಪಂಪು ಸೋರುತ್ತಿತ್ತು.

ಗ್ಯಾರೇಜಿನ ಮೇಸ್ತ್ರಿ ಕೆಲಸದಲ್ಲಿ ಗಟ್ಟಿಗ, ಆದರೆ ಬಾಯಿ ಅದಕ್ಕಿಂತ ಗಟ್ಟಿ. ಅವನ ಗ್ಯಾರೇಜಿನಲ್ಲಿ ಚೀಟಿ, ಪಟ್ಟಿ, ಹೆಸರು ಬರೆಯುವುದು ಯಾವುದೂ ಇರಲಿಲ್ಲ. ಇದ್ದದ್ದು ಒಂದೇ ಕಾನೂನು. ಯಾವ ಕಾರಿಗೆ ಹಾಕುವ ಸಾಮಾನೋ ಅದನ್ನು ಆ ಕಾರಿನ ನೆತ್ತಿಯ ಮೇಲೆ ಇಡುವುದು. "ನೆತ್ತಿ ಮೇಲಿದ್ದದ್ದು ಒಳಗೆ ಹೋಗುತ್ತೆ, ಒಳಗಿದ್ದದ್ದು ಗುಜರಿಗೆ ಹೋಗುತ್ತೆ. ಈ ಪದ್ಧತಿ ಶುರು ಮಾಡಿದ ಮೇಲೆ ಒಂದು ಬೋಲ್ಟು ಅತ್ತಿತ್ತ ಆಗಿಲ್ಲ ಸಾರ್" ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ.

ದೊಡ್ಡಳಿಯ ತನ್ನ ಕಾರು ತಂದು ನಿಲ್ಲಿಸಿದಾಗ ಅದರ ಪಕ್ಕದಲ್ಲೇ ಇನ್ನೊಂದು ನೀಲಿ ಕಾರು ನಿಂತಿತ್ತು. ಗುಡ್ಡ ಹತ್ತುವ ಮುಂಚೆ ಎಲ್ಲ ಸರಿಪಡಿಸಿಕೊಳ್ಳೋಣವೆಂದು ಚಿಕ್ಕಳಿಯನೂ ಬಂದಿದ್ದ. ಅವನ ಪಂಪೂ ಸೋರತೊಡಗಿತ್ತು. ಅವನು ಗ್ಯಾರೇಜಿನ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತು, ಒಂದು ಸ್ಪ್ಯಾನರನ್ನು ಅಂಗೈಯಲ್ಲಿ ತೂಗುತ್ತಿದ್ದ.

ಮೇಸ್ತ್ರಿ ಸಾಮಾನಿನಂಗಡಿಯಿಂದ ಎರಡು ಪಂಪು ತರಿಸಿ, ಎರಡು ನೆತ್ತಿಗಳ ಮೇಲೆ ಇಟ್ಟು, ಟೀ ಕುಡಿಯಲು ರಸ್ತೆ ದಾಟಿದ. ದೊಡ್ಡಳಿಯ ತನ್ನ ಕಾರಿನ ನೆತ್ತಿಯನ್ನು ನೋಡಿದ. ಕಂದು ಕಾಗದದಲ್ಲಿ ಸುತ್ತಿದ್ದ ಕಪ್ಪು ಕಬ್ಬಿಣದ ಪಂಪು. ಆಮೇಲೆ, ನೋಡಬಾರದೆಂದುಕೊಂಡೇ, ಪಕ್ಕದ ನೆತ್ತಿಯನ್ನು ನೋಡಿದ. ಅಲ್ಲಿ ಕೆಂಪು ಹಳದಿ ಚಿತ್ರದ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಬೆಳ್ಳಿಯ ಹಾಗೆ ಹೊಳೆಯುವ ಪಂಪು, ಅದಕ್ಕೊಂದು ಮೆತ್ತನೆಯ ಹಾಸಿಗೆ ಬೇರೆ.

ಎರಡರ ಆಕಾರವೂ ಒಂದೇ. ಬೋಲ್ಟಿನ ತೂತುಗಳೂ ಒಂದೇ. ಅವನು ಬೆರಳಿಟ್ಟು ಸರಿನೋಡಿದ.

ಗುಡ್ಡ ಹತ್ತುವಾಗ ಈ ಬೆಳ್ಳಿ ಪಂಪು ಚಿಕ್ಕಳಿಯನನ್ನು ಸುಯ್ಯೆಂದು ಮೇಲಕ್ಕೆ ಒಯ್ಯುವುದು, ತನ್ನ ಕಬ್ಬಿಣದ ತುಂಡು ಕೆಮ್ಮುತ್ತಾ ಹಿಂದೆ ಉಳಿಯುವುದು, ಮೇಲೆ ಮಾವ ಕಣ್ಣು ತೆರೆದು 'ಓಹೋ ಚಿಕ್ಕಳಿಯಂದಿರು!' ಎನ್ನುವುದು, ಎಲ್ಲವೂ ಅವನಿಗೆ ಸಿನಿಮಾದಂತೆ ಕಂಡಿತು. ಅವನು ಆ ಕಡೆ ಈ ಕಡೆ ನೋಡಿದ. ಆಮೇಲೆ ಡಬ್ಬಿ ಈ ನೆತ್ತಿಗೆ ಬಂತು, ಕಂದು ಕಾಗದ ಆ ನೆತ್ತಿಗೆ ಹೋಯಿತು. ಲೋಕದಲ್ಲಿ ದೊಡ್ಡ ದೊಡ್ಡ ಅನ್ಯಾಯಗಳು ನಡೆಯಲು ಇದಕ್ಕಿಂತ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಟೀ ಕುಡಿದು ಬಂದ ಮೇಸ್ತ್ರಿ, ತನ್ನ ಪದ್ಧತಿಯ ಗುಣಗಾನ ಮಾಡುತ್ತಲೇ ನೆತ್ತಿಯ ಮೇಲಿದ್ದದ್ದನ್ನು ಒಳಗೆ ಕೂರಿಸಿದ.

ಮಾರನೆಯ ದಿನ ದೊಡ್ಡಳಿಯ ಬೆಳ್ಳಿ ಪಂಪಿನ ಪರೀಕ್ಷೆಗೆಂದು ಹೊರಟ. ಸಮನಾದ ರಸ್ತೆಯಲ್ಲಿ ಕಾರು ಚೆನ್ನಾಗಿಯೇ ಓಡಿತು. ವಾಪಸು ಬರುವಾಗ, ಬೀದಿಯ ಏರು ಹತ್ತುತ್ತಿದ್ದ ಹಾಗೆ ಇಂಜಿನ್ನಿನ ಶಾಖ ತೋರಿಸುವ ಮುಳ್ಳು ಸರಸರನೆ ಮೇಲೇರಿ ಕೆಂಪು ಗೆರೆಯನ್ನು ಮುಟ್ಟಿತು. ಮನೆಯ ಮುಂದೆ ಬರುವಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಆವಿ.

ಬೀದಿಯಲ್ಲಿ ಒಂದು ಕಾರಿನ ಬಾನೆಟ್ ತೆರೆದರೆ ಜನರನ್ನು ಕರೆಯಬೇಕಾಗಿಲ್ಲ. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಬಂದರು. ಮೂಲೆಮನೆಯ ಸಂಗೀತದ ಟೀಚರು ಬಂದರು. ಅಂಗಡಿಗೆ ಬೀಗ ಕೂಡ ಹಾಕದೆ ದರ್ಜಿ ಬಂದ.

"ಎಲ್ಲೋ ಹೊಲಿಗೆ ಬಿಟ್ಟಿದೆ ಸಾರ್" ಎಂದ ದರ್ಜಿ, ಕತ್ತು ಓರೆ ಮಾಡಿ. "ಒಳಗಡೆ ಗ್ಯಾಸ್ಕೆಟ್ ಅಂತ ಇರುತ್ತೆ. ಅದರ ಅಂಚು ಬಿಚ್ಚಿರಬೇಕು."

ಸಂಗೀತದ ಟೀಚರು ಕಣ್ಣು ಮುಚ್ಚಿಕೊಂಡು ಕೇಳಿದರು. "ಊಹೂಂ. ಫ್ಯಾನು ಅರ್ಧ ಸ್ವರ ಕೆಳಗಿದೆ. ಫ್ಯಾನ್ ಬದಲಾಯಿಸಿ."

"ಅದಲ್ಲ ಕಣ್ರೀ" ಎಂದರು ಪೋಸ್ಟ್‌ಮಾಸ್ಟರು. "ನೀರು ಹೊರಡ್ತಾ ಇದೆ, ತಲುಪ್ತಾ ಇಲ್ಲ. ಮಧ್ಯದಲ್ಲಿ ಎಲ್ಲೋ ಬಟವಾಡೆ ನಿಂತಿದೆ. ಪಂಪ್ ನೋಡ್ಸಿ."

"ಪಂಪಾ?" ದೊಡ್ಡಳಿಯ ಬೆಚ್ಚಿಬಿದ್ದ. "ಪಂಪಿನ ವಿಷಯ ಮಾತ್ರ ಎತ್ತಬೇಡಿ. ಅಂಥ ಪಂಪು ಈ ಬೀದಿಯಲ್ಲೇ ಇಲ್ಲ!"

ಪೋಸ್ಟ್‌ಮಾಸ್ಟರಿಗೆ ಸಿಟ್ಟು ಬಂತು. ತಮ್ಮ ಮಾತಿಗೆ ಬೆಲೆ ಇಲ್ಲದ ಕಡೆ ತಾವು ನಿಲ್ಲುವುದಿಲ್ಲವೆಂದು ಹೇಳಿ, ಅಲ್ಲೇ ನಿಂತರು.

ಮೇಸ್ತ್ರಿ ಬಂದ. ಅವನು ಕೂಡ ಮೊದಲ ಮಾತಿಗೇ "ಪಂಪಿನ ತಂಟೆಗೆ ಹೋಗಬೇಡಿ, ಅದು ನನ್ನ ಕೈಯಿಂದ ಹಾಕಿದ್ದು" ಎಂದುಬಿಟ್ಟ. ಒಬ್ಬನಿಗೆ ಪಂಪಿನ ಮೇಲೆ ಹೆಮ್ಮೆ, ಇನ್ನೊಬ್ಬನಿಗೆ ಕೈಯ ಮೇಲೆ. ಹೀಗೆ ಅಪರಾಧಿಯನ್ನು ನಡುವೆ ಕೂರಿಸಿ ಇಬ್ಬರೂ ಕಾವಲು ನಿಂತ ಮೇಲೆ, ಶಿಕ್ಷೆ ನಿರಪರಾಧಿಗಳಿಗೆ ಆಗತೊಡಗಿತು. ರೇಡಿಯೇಟರನ್ನು ಬಿಚ್ಚಿ ತೊಳೆದರು. ಥರ್ಮೋಸ್ಟಾಟನ್ನು ಕಿತ್ತು ಎಸೆದು ಹೊಸದು ಹಾಕಿದರು. ರೇಡಿಯೇಟರಿನ ಮುಚ್ಚಳ ಬದಲಾಯಿತು, ರಬ್ಬರ್ ಪೈಪು ಬದಲಾಯಿತು. ಸಂಗೀತದ ಟೀಚರ ಮನಸ್ಸಿಗೆ ನೋವಾಗಬಾರದೆಂದು ಫ್ಯಾನೂ ಬದಲಾಯಿತು. ಮುಳ್ಳು ಮಾತ್ರ ಏರು ಕಂಡ ಕೂಡಲೇ ಕೆಂಪಿಗೆ ಹಾರುತ್ತಿತ್ತು.

ದೊಡ್ಡಳಿಯನಿಗೆ ಕಾರಿಗಿಂತ ಹೆಚ್ಚಾಗಿ ಸಂಕಟ ಕೊಟ್ಟದ್ದು ಗೋಡೆಯಾಚೆಯ ಮೌನ. ಚಿಕ್ಕಳಿಯನ ಕಾರು ಶೆಡ್ಡಿನೊಳಗೆ ತಣ್ಣಗೆ ನಿಂತಿತ್ತು. ಅವನೂ ತಣ್ಣಗಿದ್ದ. ದಿನಾ ಬೆಳಿಗ್ಗೆ ಗಿಡಕ್ಕೆ ನೀರು ಹಾಕುವ ಕ್ಯಾನು ಹಿಡಿದು ಶೆಡ್ಡಿನೊಳಗೆ ಹೋಗುತ್ತಿದ್ದ, ಬಾಗಿಲು ಹಾಕಿಕೊಳ್ಳುತ್ತಿದ್ದ, ಖಾಲಿ ಕ್ಯಾನು ಹಿಡಿದು ಹೊರಗೆ ಬರುತ್ತಿದ್ದ.

"ಶೆಡ್ಡಲ್ಲಿ ಏನೋ ಗಿಡ ಬೆಳೆಸ್ತಾ ಇದಾನೆ" ಎಂದ ದೊಡ್ಡಳಿಯ, ಕಿಟಕಿಯ ಪರದೆಯ ಹಿಂದಿನಿಂದ. "ನೆರಳಲ್ಲಿ ಬೆಳೆಯೋ ಗಿಡ ಇರಬೇಕು. ಭಾರಿ ಬೆಲೆಯದ್ದು. ಮಾವನಿಗೆ ಉಡುಗೊರೆ ಕೊಡ್ತಾನೆ ನೋಡ್ತಿರು."

ಅಂದು ಸಂಜೆಯೇ ಅವನು ಪೇಟೆಯಿಂದ ಅದಕ್ಕಿಂತ ದೊಡ್ಡ ಕ್ಯಾನನ್ನೂ ಆರು ಕುಂಡಗಳನ್ನೂ ಹೊತ್ತು ತಂದ. ಕುಂಡಗಳಲ್ಲಿ ಏನು ನೆಡಬೇಕೆಂದು ಹೆಂಡತಿ ಕೇಳಿದ್ದಕ್ಕೆ, "ಅವನದ್ದು ಏನು ಅಂತ ತಿಳಿದ ಮೇಲೆ ಹೇಳ್ತೀನಿ" ಎಂದ.

ಶನಿವಾರ ಮೇಸ್ತ್ರಿ ಕೈಚೆಲ್ಲಿ ಗೇಟಿನ ಬಳಿ ನಿಂತ.

"ನಾಳೆ ಹೋಗಲೇಬೇಕು ಅಂದ್ರೆ ಒಂದು ಉಪಾಯ ಇದೆ ಸಾರ್" ಎಂದು ಎಂದಿನ ಗಟ್ಟಿ ದನಿಯಲ್ಲಿ ಹೇಳಿದ. "ಹೀಟರ್ ಹಾಕ್ಕೊಳ್ಳಿ. ಇಂಜಿನ್ ಬಿಸಿಯೆಲ್ಲ ಕಾರಿನೊಳಕ್ಕೆ ಬಂದುಬಿಡುತ್ತೆ. ಇಂಜಿನ್ ಬಚಾವ್."

"ನಾನು?"

"ನೀವು ಒಸಿ ಬೆವರ್ತೀರ."

ಗೋಡೆಯಾಚೆ ಯಾವುದೋ ಕ್ಯಾನು ನೆಲಕ್ಕೆ ಬಿದ್ದ ಸದ್ದಾಯಿತು. ದೊಡ್ಡಳಿಯ ಅದಕ್ಕೆ ಗಮನ ಕೊಡಲಿಲ್ಲ.

ಭಾನುವಾರ ಸುಡುಬಿಸಿಲು. ಇಬ್ಬರೂ ಒಬ್ಬರಿಗಿಂತ ಒಬ್ಬರು ಮೊದಲು ಹೊರಡಬೇಕೆಂದು ಎದ್ದು, ಒಟ್ಟಿಗೇ ಗೇಟು ತೆರೆದರು. ಅಕ್ಕ ಈ ಕಾರಿನಲ್ಲಿ, ತಂಗಿ ಆ ಕಾರಿನಲ್ಲಿ. ಗುಡ್ಡದ ರಸ್ತೆ ಶುರುವಾಗುತ್ತಿದ್ದಂತೆ ದೊಡ್ಡಳಿಯ ಹೀಟರಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಕಾಲ ಬಳಿಯಿಂದ ಬೆಂಕಿಯಂಥ ಗಾಳಿ ನುಗ್ಗಿತು. ಕಿಟಕಿ ಇಳಿಸಲು ಕೈ ಹಾಕಿದವನು ಪಕ್ಕಕ್ಕೆ ನೋಡಿದ. ಸರಿಸಮನಾಗಿ ಬರುತ್ತಿದ್ದ ಚಿಕ್ಕಳಿಯನ ಕಾರಿನ ಗಾಜುಗಳು ಪೂರ್ತಿ ಮುಚ್ಚಿದ್ದವು.

"ಏಸಿ ಹಾಕಿದಾನೆ" ಎಂದು ಅವನು ಹಲ್ಲು ಕಡಿದ. ಇಳಿಯುತ್ತಿದ್ದ ಗಾಜು ಮತ್ತೆ ಮೇಲಕ್ಕೆ ಹೋಯಿತು.

"ರೀ, ಕಿಟಕಿ ತೆಗೀರಿ! ಬೆಂದುಹೋಗ್ತಾ ಇದೀನಿ!"

"ಅವರು ಮುಚ್ಚಿದಾರೆ."

"ಅವರಿಗೆ ಏಸಿ ಇದೆ!"

"ನಮಗೂ ಇದೆ ಅಂತ ಅವರು ತಿಳ್ಕೊಳ್ಳಲಿ. ಸ್ವಲ್ಪ ನಗು. ಅವರು ನೋಡ್ತಿದಾರೆ."

ಹೆಂಡತಿ ನಗಲಿಲ್ಲ. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, ತನ್ನನ್ನು ನೋಡಲು ಬಂದಿದ್ದ ಬೇರೆ ಗಂಡುಗಳನ್ನು ಒಬ್ಬೊಬ್ಬರಾಗಿ ನೆನೆಸಿಕೊಳ್ಳತೊಡಗಿದಳು. ಪಕ್ಕದ ಕಾರಿನ ಗಾಜಿನ ಹಿಂದೆ ಚಿಕ್ಕಳಿಯ ನೆಟ್ಟಗೆ ಕೂತಿದ್ದ. ಅವನ ಮುಖ ಟೊಮೇಟೊ ಆಗಿತ್ತು. ಆರೋಗ್ಯದ ಕಳೆ ಎಂದುಕೊಂಡು ದೊಡ್ಡಳಿಯ ಅದಕ್ಕೂ ಹೊಟ್ಟೆಕಿಚ್ಚುಪಟ್ಟ.

ಆಸ್ಪತ್ರೆ ಇನ್ನೂ ಮೇಲಿತ್ತು. ಹಿಮ್ಮುರಿ ತಿರುವಿನಲ್ಲಿ ದೊಡ್ಡಳಿಯನ ಮುಳ್ಳು ಕೆಂಪು ಗೆರೆಯನ್ನೂ ದಾಟಿ ಮಲಗಿತು. ಬಾನೆಟ್ಟಿನಿಂದ ಆವಿ ಎದ್ದು ಮುಂದಿನ ಗಾಜನ್ನೇ ಮುಚ್ಚಿತು. ಅವನು ಕಾರು ಬದಿಗೆ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ಮುಗಿಯಿತು. ಮಾವ ಕಣ್ಣು ತೆರೆಯುವುದು ಚಿಕ್ಕಳಿಯನ ಎದುರಿಗೇ.

ಆಗ ಮುಂದಿನಿಂದ ಇನ್ನೊಂದು ಬುಸ್ಸ್ ಕೇಳಿಸಿತು.

ದೊಡ್ಡಳಿಯ ತಲೆ ಎತ್ತಿದ. ಚಿಕ್ಕಳಿಯನ ಕಾರೂ ನಿಂತಿತ್ತು. ಅದರ ಬಾನೆಟ್ಟಿನಿಂದಲೂ ಆವಿ. ಅಷ್ಟೇ ದಪ್ಪ, ಅಷ್ಟೇ ಬಿಳುಪು. ಮದುವೆಯ ದಿನ ಬಿಟ್ಟರೆ ಅಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ. ಮದುವೆಯ ದಿನವೂ ಅಷ್ಟು ಆಗಿರಲಿಲ್ಲವೆಂಬುದು ಅವನ ಮುಖ ನೋಡಿದ ಹೆಂಡತಿಯ ಅಭಿಪ್ರಾಯ.

ಅಕ್ಕತಂಗಿಯರು ಎರಡೂ ಕಾರುಗಳಿಂದ ಇಳಿದು, ಒದ್ದೆಮುದ್ದೆಯಾಗಿ ಎದುರುಬದುರು ನಿಂತರು.

"ನಿಮ್ಮ ಏಸಿ ಕೆಟ್ಟೋಯ್ತೇನೆ?" ಎಂದಳು ಅಕ್ಕ.

"ಏಸಿನಾ? ಹೀಟರ್ ಅಕ್ಕಾ! ಕಿಟಕಿ ತೆಗೀರಿ ಅಂದ್ರೆ 'ಭಾವ ಮುಚ್ಚಿದಾರೆ' ಅಂತಾರೆ. ಒಂದು ವಾರದಿಂದ ನಮ್ಮನೆಯಲ್ಲಿ ಇದೇ ಗೋಳು. ಬೆಳಿಗ್ಗೆ ಎದ್ದು ಕದ್ದು ಕದ್ದು ಕ್ಯಾನಲ್ಲಿ ರೇಡಿಯೇಟರಿಗೆ ನೀರು ಸುರಿಯೋದು, ಯಾರಿಗೂ ಹೇಳಬೇಡ ಅನ್ನೋದು!"

ಅಕ್ಕ ನಿಧಾನವಾಗಿ ತಿರುಗಿ ಗಂಡನನ್ನು ನೋಡಿದಳು. ಮನೆಯ ಜಗಲಿಯ ಮೇಲೆ ಖಾಲಿ ಕೂತಿದ್ದ ಆರು ಕುಂಡಗಳು ಆ ನೋಟದಲ್ಲಿದ್ದವು.

ತಂಗಿ ಮೇಸ್ತ್ರಿಗೆ ಫೋನ್ ಮಾಡಿ, ಬರುವಂತೆ ಹೇಳಿ, ಅದರ ಜೊತೆಗೆ ಇನ್ನೂ ಏನೇನೋ ಹೇಳಿದಳು. ಅವನು ಸ್ಕೂಟರಿಗೆ ಸಾಮಾನಿನ ಚೀಲ ನೇತುಹಾಕಿಕೊಂಡು ಬರುವ ಹೊತ್ತಿಗೆ, ಮೇಲಿನಿಂದ ಆಸ್ಪತ್ರೆಯ ಬಟ್ಟೆ ಒಗೆಯಲು ಒಯ್ಯುವ ವ್ಯಾನು ಇಳಿದು ಬಂದು ತಿರುವಿನಲ್ಲಿ ನಿಂತಿತು. ಡ್ರೈವರನ ಪಕ್ಕದಿಂದ ಕಪ್ಪು ಕನ್ನಡಕದ ಮಾವ ಇಳಿದರು. ಕಾದು ಕಾದು ಸಾಕಾಗಿ, ಸಿಕ್ಕಿದ ಗಾಡಿ ಹತ್ತಿದ್ದರು. ಇಳಿದವರು ಅಲ್ಲೇ ನಿಂತುಬಿಟ್ಟರು.

"ಅಯ್ಯೋ, ಎಲ್ಲ ಮಂಜು ಮಂಜಾಗಿ ಕಾಣ್ತಿದೆಯಲ್ಲಮ್ಮ! ಡಾಕ್ಟರು ಚೆನ್ನಾಗಾಗಿದೆ ಅಂದಿದ್ರು. ಆಪರೇಷನ್ ಕೆಟ್ಟುಹೋಯ್ತು ಕಣಮ್ಮ!"

"ಕಣ್ಣಿಗೇನೂ ಆಗಿಲ್ಲ ಅಪ್ಪಾ" ಎಂದಳು ಹಿರಿಮಗಳು. "ಅದು ನಿಮ್ಮ ಅಳಿಯಂದಿರು."

ಆವಿ ಸ್ವಲ್ಪ ಸರಿಯಿತು. ಹೊಸ ಕಣ್ಣಿಗೆ ಮೊದಲು ಬಿದ್ದದ್ದು ಬೆವರಿನಲ್ಲಿ ತೊಯ್ದು ನಿಂತಿದ್ದ ಇಬ್ಬರು ಅಳಿಯಂದಿರು. ಇಬ್ಬರೂ ಒಟ್ಟಿಗೇ ಕಂಡಿದ್ದರಿಂದ, ಅವರು ಮೊದಲು ನೋಡಿದ್ದು ಯಾರನ್ನು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಮೇಸ್ತ್ರಿ ಎರಡು ಕಾರನ್ನೂ ಸುತ್ತು ಹಾಕಿದ. ಒಂದು ಕಾರು ಕುದಿದರೆ ದುರದೃಷ್ಟ ಎನ್ನಬಹುದು. ಒಂದೇ ದಿನ ಪಂಪು ಹಾಕಿದ ಎರಡು ಕಾರು ಕುದಿದರೆ ಪಂಪು ಎನ್ನದೆ ಬೇರೆ ದಾರಿಯಿಲ್ಲ. ಇಂಜಿನ್ ಆರುವವರೆಗೆ ಕಾದು, ಅವನು ಮನಸ್ಸಿಲ್ಲದ ಮನಸ್ಸಿನಿಂದ ಎರಡನ್ನೂ ಬಿಚ್ಚಿ ರಸ್ತೆ ಬದಿಯ ಕಲ್ಲಿನ ಮೇಲೆ ಇಟ್ಟ. ಇಟ್ಟವನೇ ಬಾಯಿ ತೆರೆದು ನಿಂತ. ಅವನ ಬಾಯಿಂದ ಮಾತು ಬಾರದ್ದು ಅದೇ ಮೊದಲು.

"ಏನಾಯ್ತ್ರೀ?" ಎಂದರು ಮಾವ.

"ಹಳೇ ಮಾದರಿಯಲ್ಲಿ ಬೆಲ್ಟು ಪಂಪನ್ನ ಹೀಗೆ ತಿರುಗಿಸುತ್ತೆ ಸಾರ್" ಎಂದು ಅವನು ಬೆರಳನ್ನು ಗಾಳಿಯಲ್ಲಿ ಬಲಕ್ಕೆ ಸುತ್ತಿಸಿದ. "ಹೊಸ ಮಾದರಿಯಲ್ಲಿ ಬೆಲ್ಟು ಹಾಯೋ ದಾರಿನೇ ಬೇರೆ, ಹೀಗೆ ತಿರುಗಿಸುತ್ತೆ" ಎಂದು ಎಡಕ್ಕೆ ಸುತ್ತಿಸಿದ. "ಒಳಗಿನ ರೆಕ್ಕೆಗಳು ಅದಕ್ಕೆ ತಕ್ಕ ಹಾಗೆ ಬಾಗಿರುತ್ವೆ. ಬಾಣದ ಗುರುತೂ ಹಾಕಿರ್ತಾರೆ. ಬೋಲ್ಟು ಮಾತ್ರ ಎರಡಕ್ಕೂ ಒಂದೇ ಥರ ಕೂರುತ್ತೆ. ಇದರದ್ದು ಅದಕ್ಕೆ ಹಾಕಿದ್ರೆ ರೆಕ್ಕೆ ಉಲ್ಟಾ ತಿರುಗಿ, ನೀರನ್ನ ತಳ್ಳೋ ಬದಲು ಸುಮ್ಮನೆ ಕಡೀತಾ ಇರುತ್ತೆ. ಇಲ್ಲಿ ಎರಡೂ ಅದಲು ಬದಲು!"

"ಅಂದ್ರೆ ತಪ್ಪು ನಿಮ್ಮದೇ" ಎಂದಳು ಕಿರಿಮಗಳು. "ಎರಡು ಕಾರೂ ಹಾಳು ಮಾಡಿ ಇಟ್ಟಿದೀರ."

ಮೇಸ್ತ್ರಿ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನ ಕೂದಲು ಅಷ್ಟು ನರೆತಿದೆಯೆಂದು ಅದುವರೆಗೆ ಯಾರೂ ಗಮನಿಸಿರಲಿಲ್ಲ.

"ಬಾಣ ನೋಡಬೇಕಿತ್ತು, ನೋಡಲಿಲ್ಲ. ನೆತ್ತಿ ನಂಬಿದೆ. ನಾನೇ ಇಟ್ಟಿದ್ದೆ, ನಾನೇ ಎತ್ತಿಕೊಂಡೆ. ಇಷ್ಟು ವರ್ಷ ಇಟ್ಟ ನೆತ್ತಿ ಮರೆತಿರಲಿಲ್ಲ. ಈಗ ಮರೆವು ಶುರುವಾಗಿದೆ ಅಂದ್ರೆ, ನಾಳೆ ಯಾರದ್ದೋ ಬ್ರೇಕು ಇನ್ಯಾರಿಗೋ ಹಾಕ್ತೀನಿ. ಬೇಡ ಸಾರ್. ಇವತ್ತೇ ಗ್ಯಾರೇಜಿಗೆ ಬೀಗ ಹಾಕ್ತೀನಿ."

ದೊಡ್ಡಳಿಯ ಮೇಸ್ತ್ರಿಯ ಟೋಪಿಯನ್ನು ನೋಡಿದ. ಮಾವನ ಕಪ್ಪು ಕನ್ನಡಕವನ್ನು ನೋಡಿದ. ಸುಮ್ಮನಿದ್ದರೆ ತಾನು ಬಚಾವು, ಬಾಯಿ ಬಿಟ್ಟರೆ ಮಾವನ ಮುಂದೆ ಜನ್ಮಕ್ಕಾಗುವಷ್ಟು ಮರ್ಯಾದೆ ಹೋಗುತ್ತದೆ. ಇದೆಲ್ಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಹೊತ್ತಿಗೆ ಬಾಯಿ ಅವನ ಮಾತು ಕೇಳಲಿಲ್ಲ.

"ಮರೆವಲ್ಲ" ಎಂದ. "ಕೈ ನಂದು."

ಎಲ್ಲರೂ ಅವನ ಕಡೆ ತಿರುಗಿದರು.

"ನೀವು ಟೀಗೆ ಹೋದಾಗ ಬದಲಾಯಿಸಿದ್ದು ನಾನು. ಅವರ ಪಂಪು ಹೊಳೀತಾ ಇತ್ತು. ಡಬ್ಬಿ ಬೇರೆ ಇತ್ತು. ನನ್ನದಕ್ಕೆ ಬರೀ ಕಾಗದ."

ಅಷ್ಟು ಹೊತ್ತು ಬಾಯಿ ಬಿಡದ ಚಿಕ್ಕಳಿಯ ಗಂಟಲು ಸರಿಮಾಡಿಕೊಂಡ.

"ನಾನು ನೋಡಿದ್ದೆ ಭಾವ."

"ಏನು?"

"ಒಳಕೋಣೆ ಗೋಡೆಗೆ ಹಳೇ ಕಾರಿನ ಕನ್ನಡಿ ನೇತು ಹಾಕಿತ್ತು. ಅದರಲ್ಲಿ ಎಲ್ಲ ಕಾಣ್ತಿತ್ತು."

"ನೋಡ್ತಾ ಸುಮ್ಮನಿದ್ರಾ? ಯಾಕೆ?"

ಚಿಕ್ಕಳಿಯ ಕಲ್ಲಿನ ಮೇಲಿದ್ದ ಕಬ್ಬಿಣದ ಪಂಪನ್ನು ಎತ್ತಿಕೊಂಡು ಅಂಗೈಯಲ್ಲಿ ಎರಡು ಸಲ ತೂಗಿದ. "ನಿಮ್ಮದು ತೂಕ ಜಾಸ್ತಿ ಇತ್ತು. ಮೇಸ್ತ್ರಿ ನೆತ್ತಿಗೆ ಇಡೋಕೆ ಮುಂಚೆ ಒಳಕೋಣೆಯಲ್ಲೇ ಎರಡನ್ನೂ ಎತ್ತಿ ನೋಡಿದ್ದೆ. ಭಾವನಿಗೆ ಗಟ್ಟಿ ಸಾಮಾನು, ನನಗೆ ಈ ತಗಡು ಅಂತ ಬೇಜಾರಲ್ಲೇ ಕೂತಿದ್ದೆ. ನೀವೇ ಬದಲಾಯಿಸಿದ್ರಿ. ದೇವರು ದೊಡ್ಡವನು ಅಂದ್ಕೊಂಡೆ."

ಮೇಸ್ತ್ರಿ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ. ಹಾಕಿಕೊಂಡ ಕೂಡಲೇ ಅವನ ದನಿ ಎಂದಿನ ಗಾತ್ರಕ್ಕೆ ಬಂತು. ಆಮೇಲೆ ಅವನು ಷಡ್ಡಕರಿಬ್ಬರಿಗೂ ಹೇಳಿದ್ದನ್ನು ಅಕ್ಕತಂಗಿಯರು ಕಿವಿ ಮುಚ್ಚಿಕೊಳ್ಳದೆ ಪೂರ್ತಿಯಾಗಿ ಕೇಳಿಸಿಕೊಂಡರು.

ಅದು ಮುಗಿದ ಮೇಲೆ ಮಾವ ಕೇಳಿದರು. "ಅಲ್ಲ ಅಳಿಯಂದ್ರೆ, ನಿಮಗೆ ಇದೆಲ್ಲ ಯಾಕೆ ಬೇಕಿತ್ತು?"

ದೊಡ್ಡಳಿಯನೊಳಗೆ ಇಷ್ಟು ಕಾಲ ಕುದಿಯುತ್ತಿದ್ದದ್ದು ಉಕ್ಕಿಬಂತು. "ನೀವು ಯಾವಾಗಲೂ ಅವರಿಗೇ ಫೋನ್ ಮಾಡ್ತೀರಿ ಮಾವ! ಬಲ್ಬ್ ಹೋದ್ರೆ ಅವರು, ನಲ್ಲಿ ಸೋರಿದ್ರೆ ಅವರು. ಕೊನೆಗೆ ಕಣ್ಣಿಗೂ ಅವರೇ. ನಾನು ಇದೀನಿ ಅಂತ ನಿಮಗೆ ನೆನಪೇ ಬರಲ್ವಲ್ಲ!"

"ಅಯ್ಯೋ" ಎಂದ ಚಿಕ್ಕಳಿಯ, ಜೀವಮಾನದಲ್ಲಿ ಮೊದಲ ಸಲ ದನಿ ಎತ್ತಿ. "ಊಟಕ್ಕೆ ಕೂತ್ರೆ ಫೋನು, ಮಲಗಿದ್ರೆ ಫೋನು. ಭಾವ ಮಾತ್ರ ಕಾಲು ಚಾಚ್ಕೊಂಡು ಹಾಯಾಗಿ ಇರ್ತಾರೆ. ಅದನ್ನ ನೋಡಿ ನೋಡಿ ನನಗೆ ಹೊಟ್ಟೆ ಉರೀತಿತ್ತು. ನಿಮಗೆ ಹೊಟ್ಟೆ ಉರೀತಿತ್ತಾ?"

ಮಾವ ಜೇಬಿನಿಂದ ಫೋನು ತೆಗೆದು, ಕನ್ನಡಕದ ಹತ್ತಿರ ಹಿಡಿದು ನೋಡಿದರು.

"ನನಗೆ ಕಣ್ಣು ಕಾಣದೆ ಎಷ್ಟು ಕಾಲ ಆಗಿತ್ತಪ್ಪ. ತಡವಿ ತಡವಿ ಮೊದಲನೇ ಗುಂಡಿ ಒತ್ತೋದು, ಯಾರು ಹಲೋ ಅಂತಾರೋ ಅವರಿಗೆ ಹೇಳೋದು. ಚಿಕ್ಕಳಿಯಂದಿರು ಹಲೋ ಅಂತಿದ್ರು." ಸ್ವಲ್ಪ ತಡೆದು ಕೇಳಿದರು. "ಗುಂಡಿಗಳಿಗೆ ನಂಬರು ತುಂಬಿಕೊಟ್ಟೋರು ನೀವೇ ಅಲ್ವೇ ದೊಡ್ಡಳಿಯಂದ್ರೆ?"

ದೊಡ್ಡಳಿಯನಿಗೆ ಎಲ್ಲ ನೆನಪಾಯಿತು. ಆ ಫೋನು ಅವನೇ ತಂದುಕೊಟ್ಟದ್ದು. ಮೊದಲನೇ ಗುಂಡಿಗೆ ಯಾರ ನಂಬರು ಎಂದು ಮಾವ ಕೇಳಿದಾಗ, ಸಣ್ಣಪುಟ್ಟ ಕೆಲಸದ ಕಾಟವೆಲ್ಲ ಅವನ ಕಡೆಗೇ ಹೋಗಲಿ ಎಂದು ಮನಸ್ಸಿನಲ್ಲೇ ನಕ್ಕು, ಚಿಕ್ಕಳಿಯನದನ್ನು ತುಂಬಿದ್ದ. ತನ್ನದನ್ನು ಒಂಬತ್ತಕ್ಕೆ ಹಾಕಿದ್ದ.

"ಹೌದು ಮಾವ" ಎಂದ, ಕೇಳಿಸಿಯೂ ಕೇಳಿಸದಂತೆ.

"ನನ್ನ ಸರ್ವಿಸ್‌ನಲ್ಲಿ ಎರಡು ಇಂಜಿನ್ನು ಒಂದನ್ನೊಂದು ನೋಡಿ ಕುದಿದದ್ದು ಕಂಡಿರಲಿಲ್ಲ" ಎಂದು ಹೇಳಿ, ಮಾವ ವ್ಯಾನಿನ ಕಡೆ ತಿರುಗಿದರು. ಇಬ್ಬರು ಅಳಿಯಂದಿರೂ ಓಡಿಹೋಗಿ ತಮ್ಮ ತಮ್ಮ ಕಾರಿನ ಬಾಗಿಲು ತೆರೆದು ಹಿಡಿದರು. ಮಾವ ಮೈಲಿಗೆ ಬಟ್ಟೆಯ ಗಂಟು ಸರಿಸಿ ವ್ಯಾನಿನಲ್ಲೇ ಕೂತರು. ಅವರ ಹಿಂದೆ ಅಕ್ಕ ಹತ್ತಿದಳು, ತಂಗಿ ಹತ್ತಿದಳು. ತಿರುವಿನಲ್ಲಿ ಉಳಿದವರು ತೆರೆದ ಬಾಗಿಲು ಹಿಡಿದ ಷಡ್ಡಕರಿಬ್ಬರು, ಮತ್ತು ಇನ್ನೂ ಮಾತು ಮುಗಿಯದ ಮೇಸ್ತ್ರಿ. ಅವನು ಪಂಪುಗಳನ್ನು ಅಲ್ಲೇ ಅದಲು ಬದಲು ಮಾಡಿ ಕೂರಿಸಿದ. ನೆತ್ತಿಯ ಮೇಲೆ ಇಡಲಿಲ್ಲ. ಕೂರಿಸುವ ಸರದಿ ಬರುವವರೆಗೂ ಒಬ್ಬೊಬ್ಬರ ಕೈಗೆ ಅವರವರ ಪಂಪು ಕೊಟ್ಟು, ದೂರ ದೂರ ನಿಲ್ಲಿಸಿದ್ದ.

ಕಣ್ಣು ಪೂರ್ತಿ ವಾಸಿಯಾದ ಮೇಲೆ ಒಂದು ಬೆಳಿಗ್ಗೆ ದೊಡ್ಡಳಿಯನ ಮನೆಯಲ್ಲಿ ಫೋನು ರಿಂಗಾಯಿತು. ಒಂಬತ್ತನೇ ಗುಂಡಿ.

"ದೊಡ್ಡಳಿಯಂದ್ರೆ, ಕನ್ನಡಕ ಮಾಡಿಸಬೇಕಲ್ಲ. ನೀವೇ ಬರ್ತೀರಾ?"

ಅವನು ಹೋದ ವೇಗಕ್ಕೆ ಬೀದಿಯವರು ಮನೆಗೆ ಬೆಂಕಿ ಬಿದ್ದಿದೆಯೆಂದು ತಿಳಿದರು. ಮಾವನನ್ನು ಅಂಗಡಿಗೆ ಕರೆತಂದು, ಇದ್ದ ಗಾಜುಗಳನ್ನೆಲ್ಲ ಹಾಕಿ ತೆಗೆದು, ಅತ್ಯುತ್ತಮವಾದ ಕನ್ನಡಕ ಕೂರಿಸಿದ. ಮಾವ ಹೊರಗೆ ಬಂದು, ಎದುರಿನ ಅಂಗಡಿಯ ಬೋರ್ಡನ್ನು ಸಣ್ಣಕ್ಷರದವರೆಗೂ ಓದಿ, ಅಳಿಯನ ಭುಜ ತಟ್ಟಿದರು. "ನೀವು ಇದ್ದದ್ದಕ್ಕೆ ಆಯ್ತು" ಎಂದರು.

ದೊಡ್ಡಳಿಯನ ಕಣ್ಣಲ್ಲಿ ನೀರು ಬಂತು. ಬೇಕಾಗಿದ್ದದ್ದು ಇಷ್ಟೇ. ಇನ್ನು ಯಾರ ಮೇಲೂ ಯಾವ ಹೊಟ್ಟೆಕಿಚ್ಚೂ ಇಲ್ಲವೆಂದು ಅವನಿಗೆ ಮನಸಾರೆ ಅನ್ನಿಸಿತು. ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಮುಳ್ಳು ಸರಿಯಾಗಿ ನಡುವಿನಲ್ಲಿ ನಿಂತಿತ್ತು.

ಚೌಕದಲ್ಲಿ ಕೆಂಪು ದೀಪ ಬಿತ್ತು. ಪಕ್ಕದಲ್ಲಿ ಇನ್ನೊಂದು ನೀಲಿ ಕಾರು ಬಂದು ನಿಂತಿತು. ಕಚೇರಿಗೆ ಹೊರಟಿದ್ದ ಚಿಕ್ಕಳಿಯ. ಇಬ್ಬರೂ ಕೈ ಎತ್ತಿ ನಕ್ಕರು. ಆಮೇಲೆ ದೊಡ್ಡಳಿಯ, ಸುಮ್ಮನೆ, ಬರೀ ತಿಳಿದುಕೊಳ್ಳಲೆಂದು, ಕಿಟಕಿಯಿಂದ ಕತ್ತು ಚಾಚಿ ಆ ಕಾರಿನ ಶಾಖದ ಮುಳ್ಳು ಎಲ್ಲಿದೆಯೆಂದು ನೋಡಿದ. ತನ್ನದಕ್ಕಿಂತ ಒಂದು ಕೂದಲಷ್ಟು ಕೆಳಗಿದ್ದಂತೆ ಕಂಡಿತು. ಇನ್ನೂ ಸ್ವಲ್ಪ ಚಾಚಿದ. ಅಷ್ಟರಲ್ಲಿ ಆ ಕಡೆಯಿಂದಲೂ ಒಂದು ಉದ್ದ ಕತ್ತು ಇವನ ಕಾರಿನೊಳಕ್ಕೆ ಬಂದಿತ್ತು.

ಹಿಂದಿನ ವಾಹನಗಳೆಲ್ಲ ಹಾರ್ನ್ ಬಾರಿಸತೊಡಗಿದವು. ಮಾವ ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಮೊದಲು ಈ ಮುಳ್ಳು ನೋಡಿದರು, ಆಮೇಲೆ ಆ ಮುಳ್ಳು ನೋಡಿದರು.

"ಎರಡೂ ಒಂದೇ ಕಡೆ ಇವೆ" ಎಂದರು. "ಹಸಿರು ಸಿಗ್ನಲ್ ಬಿದ್ದು ಎಷ್ಟೋ ಹೊತ್ತಾಯ್ತು. ಇಬ್ಬರೂ ಗಾಡಿ ಬಿಡ್ರಪ್ಪ."